ಹೆಬ್ಬೆರಳು ಒಪ್ಪದ ಆ್ಯಪ್

ಪೆರ್ಲದ ಹತ್ತಿರ ಮಾವನ ತೋಟದಲ್ಲಿ ಇವತ್ತು ಅಡಿಕೆಗೆ ಮದ್ದು ಬಿಡುವ ಗೌಜಿ. ಮದ್ದು ಕಲಸಲು ನೀರು ಬೇಕು, ನೀರಿಗೆ ಪಂಪ್ ಚಾಲೂ ಆಗಬೇಕು, ಪಂಪ್‌ಗೆ ಈಗ ಹೊಸ ಆ್ಯಪ್.

ಆ್ಯಪ್ ತೆರೆಯಲು ಹೆಬ್ಬೆರಳು ಒತ್ತಬೇಕು.

ಮದ್ದು ಬಿಡುವ ಅಣ್ಣ ಒತ್ತಿದರು. ಇಲ್ಲ. ಬೈರಾಸಿಗೆ ಒರೆಸಿ ಮತ್ತೆ ಒತ್ತಿದರು. ಊಹೂಂ.

ಮದ್ದು ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ವರ್ಷವರ್ಷ ಅದರಲ್ಲೇ ಕೈ ಅದ್ದಿದವರ ಬೆರಳಲ್ಲಿ ಗೆರೆ ಎಲ್ಲಿ ಉಳಿಯುತ್ತದೆ? ಉಗುರಿನ ಸುತ್ತ ನೀಲಿ ಕಲೆ, ತುದಿಯಲ್ಲಿ ಬಿರುಕು. ಫೋನಿಗೆ ಅದು ಬೆರಳೇ ಅಲ್ಲ!

ಒಳಗೆ ಚಂದದ ಗ್ರಾಫ್ ಎಲ್ಲ ಇದೆ ಮಾರಾಯ್ರೆ. ಎಷ್ಟು ನೀರು, ಎಷ್ಟು ಕರೆಂಟು. ನೋಡುವುದು ಯಾರು? ಬೆಂಗಳೂರಲ್ಲಿರುವ ಮಗ. ದುಡ್ಡು ಕೊಟ್ಟದ್ದೂ ಅವನೇ. ಆ್ಯಪ್ ಮಾಡಿದವರು ಅವನನ್ನೇ ಗಿರಾಕಿ ಅಂದುಕೊಂಡಿದ್ದಾರೆ, ತಪ್ಪು ಅನ್ನಲಿಕ್ಕೂ ಆಗುವುದಿಲ್ಲ. ಆದರೆ ಕೆರೆಯ ಬದಿಯಲ್ಲಿ ನಿಂತು ಒತ್ತುವವರು ಬೇರೆ ಅಲ್ವಾ?

ದೊಡ್ಡ ಕಂಪೆನಿಗಳಿಗೂ ಇದು ತಪ್ಪಿದ್ದಲ್ಲ ಬಿಡಿ. ಗೂಗಲ್ ಗ್ಲಾಸ್, ಅಂದರೆ ಕಣ್ಣೆದುರೇ ಪುಟ್ಟ ಪರದೆ ಇರುವ ಕನ್ನಡಕ, 2013ರಲ್ಲಿ 1500 ಡಾಲರಿಗೆ ಬಂತು, ಬೀದಿಯಲ್ಲಿ ಹಾಕಿಕೊಂಡು ತಿರುಗುವವರಿಗೆ ಅಂತ. ಜನ ಮುಖ ಸಿಂಡರಿಸಿದರು. ಆಮೇಲೆ 2017ರಲ್ಲಿ ಅದನ್ನೇ ಕಾರ್ಖಾನೆ ಕೆಲಸಗಾರರಿಗೆ ಅಂತ ಮತ್ತೆ ತಂದರು. ಎರಡೂ ಕೈಯಲ್ಲಿ ಕೆಲಸ ಇರುವವರಿಗೆ ಕಣ್ಣೆದುರೇ ಮಾಹಿತಿ ಕಂಡರೆ ಪ್ರಯೋಜನ ಇದ್ದೇ ಇದೆ.

ಅಂದ ಹಾಗೆ, ಫೋನಲ್ಲಿ ರಿಂಗ್ ಕೊಟ್ಟರೆ ಪಂಪ್ ಚಾಲೂ ಆಗುವ ಹಳೇ ನಮೂನೆಯ ಸ್ಟಾರ್ಟರ್ ಯಾರ ಮನೆಯಲ್ಲಾದರೂ ಸುಮ್ನೆ ಬಿದ್ದಿದ್ದರೆ ಹೇಳಿ. ಮಾವ ಹುಡುಕುತ್ತಿದ್ದಾರೆ.