ಮೊದಲು ನೋಟಿಸ್ ಬೋರ್ಡ್ ನೋಡಿ

ಹುಡುಗಿಯರ ಹಕ್ಕಿಗಾಗಿ ಕಾಲೇಜಿನಲ್ಲಿ ಏನಾದರೂ ಮಾಡಬೇಕು ಎಂದು ಹೊರಡುವ ವಿದ್ಯಾರ್ಥಿ ತಂಡಗಳು ಸಾಮಾನ್ಯವಾಗಿ ಪೋಸ್ಟರ್, ಬೀದಿನಾಟಕ, ಮಾರ್ಚ್ 8ರ ಕಾರ್ಯಕ್ರಮದಿಂದ ಶುರು ಮಾಡುತ್ತವೆ. ಅವೆಲ್ಲ ಬೇಕು. ಆದರೆ ಅದಕ್ಕೂ ಮೊದಲು ನೋಟಿಸ್ ಬೋರ್ಡಿನ ಮುಂದೆ ನಿಂತು ಹುಡುಕಿ: ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯ ಸದಸ್ಯರ ಪಟ್ಟಿ ಇದೆಯೇ? ಅದರಲ್ಲಿ ವಿದ್ಯಾರ್ಥಿಗಳ ಹೆಸರಿದೆಯೇ?

ಲೈಂಗಿಕ ಕಿರುಕುಳ ತಡೆಯ ಕಾಯ್ದೆ ಬಂದದ್ದು 2013ರಲ್ಲಿ. ಕಾಲೇಜುಗಳಿಗೆ ಅದರ ಜೊತೆಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2015ರ ನಿಯಮಾವಳಿಯೂ ಇದೆ; ವಿದ್ಯಾರ್ಥಿನಿಯರಿಗೆ ನಿಜವಾದ ಬಲ ಇರುವುದು ಇದರಲ್ಲೇ. ಅದರಂತೆ ಸಮಿತಿಗೆ ಹಿರಿಯ ಅಧ್ಯಾಪಕಿ ಅಧ್ಯಕ್ಷೆ. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಹೊರಗಿನ ಸಂಸ್ಥೆಯಿಂದ ಒಬ್ಬರು. ಪ್ರಕರಣದಲ್ಲಿ ವಿದ್ಯಾರ್ಥಿಗಳಿದ್ದರೆ ಮೂವರು ವಿದ್ಯಾರ್ಥಿಗಳು: ಪದವಿ, ಸ್ನಾತಕೋತ್ತರ, ಸಂಶೋಧನೆ ಹಂತದಿಂದ ಒಬ್ಬೊಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗ ಮುಖ್ಯಸ್ಥರಂಥ ಆಡಳಿತದ ಹುದ್ದೆಯವರು ಸದಸ್ಯರಾಗುವಂತಿಲ್ಲ. ಪಟ್ಟಿಯಲ್ಲಿ ವಿಭಾಗ ಮುಖ್ಯಸ್ಥರ ಹೆಸರು ಕಂಡರೆ ಅಲ್ಲೇ ಆಕ್ಷೇಪಣೆ ಬರೆಯಿರಿ.

ಆ ಮೂವರು ವಿದ್ಯಾರ್ಥಿಗಳನ್ನು ಪ್ರಾಂಶುಪಾಲರು ಆರಿಸಿ ಹಾಕುವಂತಿಲ್ಲ. ಪಾರದರ್ಶಕ, ಪ್ರಜಾಸತ್ತಾತ್ಮಕ ವಿಧಾನದಲ್ಲಿ ಚುನಾಯಿತರಾಗಬೇಕು ಎಂದು ನಿಯಮವೇ ಹೇಳುತ್ತದೆ. ಹೆಚ್ಚಿನ ಕಡೆ ಎಡವಟ್ಟಾಗುವುದು ಇಲ್ಲೇ. ಕ್ಲಾಸಿನ ಪ್ರತಿನಿಧಿಯ (ಸಿಆರ್) ಹೆಸರು ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಆ ಹುಡುಗಿಗೇ ತಾನು ಸದಸ್ಯೆ ಎಂದು ಗೊತ್ತಿರುವುದಿಲ್ಲ. ‘ನಮ್ಮಲ್ಲಿ ಪಿಎಚ್‌ಡಿ ಇಲ್ಲ’ ಎಂಬುದೂ ನೆಪವೇ. ಇರುವ ಹಂತಗಳಿಂದಲೇ ಚುನಾವಣೆ ನಡೆಸಿ ಎಂದು ಪಟ್ಟು ಹಿಡಿಯಿರಿ.

ಮನವಿಯನ್ನು ಬಾಯಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಕಚೇರಿಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ, ಶುಲ್ಕ ₹10. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದ ಮಿತಿ. ‘ಯಾಕೆ ಸಮಿತಿ ಮಾಡಿಲ್ಲ?’ ಎಂದು ಕೇಳಿದರೆ ಅರ್ಜಿ ವ್ಯರ್ಥ, ಏಕೆಂದರೆ ಸಿಗುವುದು ದಾಖಲೆ, ಕಾರಣವಲ್ಲ. ‘ಸಮಿತಿ ರಚನೆಯ ಆದೇಶದ ಪ್ರತಿ, ವಿದ್ಯಾರ್ಥಿ ಸದಸ್ಯರ ಚುನಾವಣೆಯ ಸುತ್ತೋಲೆಯ ಪ್ರತಿ’ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಅನುದಾನರಹಿತ ಖಾಸಗಿ ಕಾಲೇಜಾದರೆ ಅದು ಸೇರಿದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಅಲ್ಲಿರುವ ದಾಖಲೆ ಕೇಳಿ.

ದೂರಿನ ಹಂತದಲ್ಲಿ ತಂಡದ ಕೆಲಸ ಜೊತೆಗೆ ನಿಲ್ಲುವುದು, ಮುಂದೆ ನಿಲ್ಲುವುದಲ್ಲ. ಘಟನೆಯಾದ (ಸರಣಿಯಾಗಿದ್ದರೆ ಕೊನೆಯ ಘಟನೆಯಾದ) ಮೂರು ತಿಂಗಳೊಳಗೆ ಲಿಖಿತ ದೂರು ಸೇರಬೇಕು. ಸೂಕ್ತ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ದಿನ, ಸಮಯ, ಜಾಗ, ಕಂಡವರ ಹೆಸರು ಬರೆಯಲು ನೆರವಾಗಿ. ಮೆಸೇಜು ಡಿಲೀಟ್ ಮಾಡದಂತೆ ನೋಡಿಕೊಳ್ಳಿ. ಆಪಾದಿತ ಅಧ್ಯಾಪಕ ದೂರು ಕೊಟ್ಟವಳ ಉತ್ತರಪತ್ರಿಕೆ ಮೌಲ್ಯಮಾಪನ ಮಾಡದಂತೆ ತಡೆಯಿರಿ ಎಂದು ಕೇಳುವ ಹಕ್ಕಿದೆ, ಬಹಳ ಮಂದಿಗೆ ಇದು ಗೊತ್ತಿಲ್ಲ. ರಾಜಿಯ ಮಾತು ಅವಳೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗಕೂಡದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು.

ಒಳ್ಳೆಯ ಮನಸ್ಸಿನಿಂದಲೇ ಮಾಡುವ ದೊಡ್ಡ ತಪ್ಪು ಅವಳ ಹೆಸರನ್ನೋ ದೂರಿನ ಫೋಟೋವನ್ನೋ ವಾಟ್ಸಾಪ್ ಗುಂಪಿಗೆ ಹಾಕುವುದು. 2013ರ ಕಾಯ್ದೆಯ 16ನೇ ಕಲಂ ಗೋಪ್ಯತೆಯನ್ನು ಕಡ್ಡಾಯ ಮಾಡಿದೆ. ಅವಳಿಗೆ 18 ತುಂಬಿಲ್ಲದಿದ್ದರೆ ಅದು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಪ್ರಕರಣವಾಗಬಹುದು. ಆಗ ಸಮಿತಿಯೊಂದಕ್ಕೇ ಹೇಳಿ ಸುಮ್ಮನಾಗುವಂತಿಲ್ಲ, ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮೊದಲ ವರ್ಷದ ಪದವಿಯಲ್ಲಿ ಹದಿನೇಳರ ಹುಡುಗಿಯರು ಎಷ್ಟೋ ಮಂದಿ ಇರುತ್ತಾರೆ.

ಮೊಹರು ಬಿದ್ದ ಪ್ರತಿಗಳು, ಅರ್ಜಿ, ಉತ್ತರ ಎಲ್ಲವೂ ಒಂದೇ ಫೈಲಿನಲ್ಲಿರಲಿ. ಅದನ್ನು ಎರಡನೇ ವರ್ಷದವರಿಗೆ ಪರೀಕ್ಷೆಗೆ ಮೊದಲೇ ಒಪ್ಪಿಸಿ. ಪರೀಕ್ಷೆ ಮುಗಿದ ಮರುದಿನ ಹಾಸ್ಟೆಲ್ ಖಾಲಿಯಾಗಿರುತ್ತದೆ.