ಚಾಕೊಲೇಟ್ ಗ್ರೈಂಡರಿನ ಬೆಲ್ಟ್: ಹೊಸದು ಹಾಕುವ ಮುಂಚೆ ಹಳೆಯದನ್ನು ನೋಡಿ

ತೊಟ್ಟಿ ತಿರುಗುವುದು ನಿಧಾನವಾಗಿದೆ, ಕೆಳಗಿನಿಂದ ಕೀರಲು ಸದ್ದು, ಕೋಕೋ ಪರಿಮಳದ ನಡುವೆಯೂ ಮೂಗಿಗೆ ಬಡಿಯುವ ಸುಟ್ಟ ರಬ್ಬರಿನ ವಾಸನೆ. ಮೇಜಿನ ಮೇಲಿಡುವ ಸಣ್ಣ ಕಲ್ಲಿನ ಗ್ರೈಂಡರಿನಲ್ಲಿ ಈ ಮೂರೂ ಒಟ್ಟಿಗೆ ಬಂದರೆ ಬೆಲ್ಟಿನ ಕಡೆಗೇ ಮೊದಲು ಕಣ್ಣು ಹಾಯಿಸಬೇಕು. ಬದಲಿಸುವ ಕೆಲಸ ದೊಡ್ಡದೇನಲ್ಲ, ಎಲ್ಲ ಕೈಗೆ ಸಿಕ್ಕರೆ ಒಂದು ಗಂಟೆ ಸಾಕು. ಆದರೆ ಹಳೆಯ ಬೆಲ್ಟ್ ಏಕೆ ಸವೆಯಿತು ಎಂದು ನೋಡದೆ ಹೊಸದನ್ನು ಏರಿಸಿದರೆ ಅದೂ ಬೇಗ ಅದೇ ದಾರಿ ಹಿಡಿಯುತ್ತದೆ.

ತಪ್ಪು ನಿಜವಾಗಿ ಬೆಲ್ಟಿನದೇ ಎಂದು ಖಚಿತ ಮಾಡಿಕೊಳ್ಳಿ. ಸ್ವಿಚ್ ಹಾಕಿದಾಗ ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ ಎಂದಾದರೆ ಬೆಲ್ಟಿಗಿಂತ ಮೋಟರಿಗೆ ತಿರುಗಲು ನೂಕು ಕೊಡುವ ಕೆಪಾಸಿಟರ್ ಮೇಲೆ ಅನುಮಾನ ಹೆಚ್ಚು. ಇಲ್ಲವೇ ತೊಟ್ಟಿಯೊಳಗೆ ಚಾಕೊಲೇಟ್ ಗಟ್ಟಿಯಾಗಿ ಕಲ್ಲುಗಳನ್ನು ಹಿಡಿದಿಟ್ಟಿದೆ. ಅಂಥ ಹೊತ್ತಿನಲ್ಲಿ ಕೆಲವೇ ಸೆಕೆಂಡು ಬಿಟ್ಟರೂ ಮೋಟರಿನೊಳಗಿನ ತಂತಿ ಸುರುಳಿ (ವೈಂಡಿಂಗ್) ಬಿಸಿಯೇರುತ್ತದೆ, ತಕ್ಷಣ ಆಫ್ ಮಾಡಿ. ಮೋಟರ್ ಸರಾಗವಾಗಿ ತಿರುಗಿ ತೊಟ್ಟಿ ಮಾತ್ರ ನಿಂತಿದ್ದರೆ ಬೆಲ್ಟ್ ಜಾರುತ್ತಿದೆ ಅಥವಾ ತುಂಡಾಗಿದೆ. ಇಲ್ಲೊಂದು ಮೋಸವಿದೆ: ಬೆಲ್ಟ್ ಸುತ್ತಿಕೊಳ್ಳುವ ಚಕ್ರ, ಅಂದರೆ ಮೋಟರಿನ ಸಣ್ಣ ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಸಡಿಲವಾದರೂ ಲಕ್ಷಣ ಹೆಚ್ಚುಕಡಿಮೆ ಇದೇ. ಚೆನ್ನಾಗಿರುವ ಬೆಲ್ಟನ್ನು ಬಿಸಾಡಿ, ಹೊಸದು ತರಿಸಿ ಹಾಕಿದ ಮೇಲೂ ತೊಟ್ಟಿ ಅಲ್ಲಾಡದಿದ್ದರೆ ಕಾರಣ ಬಹುಮಟ್ಟಿಗೆ ಈ ಚಿಕ್ಕ ಸ್ಕ್ರೂ.

ಬಿಚ್ಚುವುದು

ಚಾಕೊಲೇಟ್ ದ್ರವವಾಗಿರುವಾಗಲೇ ತೊಟ್ಟಿ ಖಾಲಿ ಮಾಡಿ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವಂಥದು, ಅದಕ್ಕಿಂತ ತಣ್ಣಗಾದರೆ ಕಲ್ಲು, ಶಾಫ್ಟ್, ತೊಟ್ಟಿ ಎಲ್ಲ ಒಂದಾಗಿ ಅಂಟಿಕೊಳ್ಳುತ್ತವೆ. ಹಾಗೆ ಆಗಿಬಿಟ್ಟಿದ್ದರೆ ಹೇರ್ ಡ್ರೈಯರಿನಿಂದ ತೊಟ್ಟಿಯ ಹೊರಮೈಗೆ ನಿಧಾನವಾಗಿ ಬಿಸಿ ಕೊಡಿ. ತಿರುಪಿ ಎಳೆದಾಡಬೇಡಿ. ಕಲ್ಲುಗಳನ್ನು ಒತ್ತಿಹಿಡಿಯುವ ಬಿಗಿತದ ಗುಂಡಿ, ರುಬ್ಬುವ ಕಲ್ಲುಗಳು, ತೊಟ್ಟಿ ಈ ಕ್ರಮದಲ್ಲಿ ಹೊರಬರಲಿ. ಕಲ್ಲುಗಳ ನಡುವೆ ಬರುವ ಬುಷ್ (ಶಾಫ್ಟ್ ಕೂರುವ ಸಣ್ಣ ಕೊಳವೆ), ವಾಷರ್‌ಗಳ ಸರದಿ ತಪ್ಪದಂತೆ ಒಂದು ತಟ್ಟೆಯಲ್ಲಿ ಸಾಲಾಗಿ ಇಡಿ.

ಆಮೇಲೆ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ತಂತಿಯ ತುದಿ ಕಣ್ಣಿಗೆ ಕಾಣುವಂತಿರಬೇಕು. ದಪ್ಪ ಬಟ್ಟೆಯ ಮೇಲೆ ಯಂತ್ರವನ್ನು ಮಗುಚಿ. ಸ್ಕ್ರೂ ಕಾಣುತ್ತಿಲ್ಲವೆಂದರೆ ರಬ್ಬರ್ ಕಾಲುಗಳ ಒಳಗೆ ನೋಡಿ, ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ. ತಳದ ತಟ್ಟೆ ತೆಗೆಯುವಾಗ ಒಮ್ಮೆಗೇ ಎಳೆಯಬೇಡಿ, ಅರ್ಥ್ ತಂತಿ ಅದಕ್ಕೇ ಸೇರಿರಬಹುದು. ಒಳಗಿನದೆಲ್ಲದರ ಫೋಟೋ ತೆಗೆದುಕೊಳ್ಳಿ, ಮುಖ್ಯವಾಗಿ ಬೆಲ್ಟಿನ ಹಾದಿಯದು. ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ವಿದ್ಯುತ್ ಹಿಡಿದಿಟ್ಟುಕೊಂಡಿರಬಹುದು. 10,000 ಓಮ್‌ನ 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಟೆಡ್ ಹಿಡಿಕೆಯಲ್ಲಿ ಹಿಡಿದು ಅದರ ಎರಡು ಟರ್ಮಿನಲ್‌ಗಳಿಗೆ ಕೆಲವು ಸೆಕೆಂಡು ತಾಗಿಸಿ, ನಂತರ ಮಲ್ಟಿಮೀಟರಿನಲ್ಲಿ ಸೊನ್ನೆ ತೋರಿಸುತ್ತದೆಯೇ ನೋಡಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಹಲವರಿಗಿದೆ, ಅದು ಕೆಪಾಸಿಟರಿಗೂ ಕಣ್ಣಿಗೂ ಒಳ್ಳೆಯದಲ್ಲ.

ಮೋಟರನ್ನು ಹಿಡಿದಿರುವ ಬೋಲ್ಟುಗಳು ಉದ್ದನೆಯ ಸೀಳುಗಳಲ್ಲಿ ಕೂತಿರುತ್ತವೆ. ಬಿಗಿತ ಹೊಂದಿಸುವುದು ಈ ಸೀಳುಗಳಲ್ಲೇ. ಸಡಿಲಿಸುವ ಮುಂಚೆ ಮೋಟರ್ ಕೂತ ಜಾಗವನ್ನು ಮಾರ್ಕರಿನಿಂದ ಗುರುತಿಸಿ. ಬೋಲ್ಟುಗಳನ್ನು ಪೂರ್ತಿ ತೆಗೆಯುವ ಅಗತ್ಯವಿಲ್ಲ. ಎರಡು ಸುತ್ತು ಸಡಿಲಿಸಿ ಮೋಟರನ್ನು ತೊಟ್ಟಿ ತಿರುಗಿಸುವ ದೊಡ್ಡ ಪುಲ್ಲಿಯ ಕಡೆಗೆ ಜರುಗಿಸಿದರೆ ಬೆಲ್ಟ್ ತಾನೇ ಕೈಗೆ ಬರುತ್ತದೆ. ಕೆಲವು ಯಂತ್ರಗಳಲ್ಲಿ ಸೀಳುಗಳೇ ಇರುವುದಿಲ್ಲ. ಅವುಗಳಲ್ಲಿರುವುದು ಹಿಗ್ಗುವ ಜಾತಿಯ ಬೆಲ್ಟ್, ಸಣ್ಣ ಪುಲ್ಲಿಗೆ ಮೊದಲು ಹಾಕಿ ದೊಡ್ಡ ಪುಲ್ಲಿಯನ್ನು ಕೈಯಿಂದ ತಿರುಗಿಸುತ್ತ ಏರಿಸಬೇಕು. ಅಂಥ ಕಡೆ ಮಾಮೂಲಿ ಬೆಲ್ಟನ್ನು ಸ್ಕ್ರೂಡ್ರೈವರಿನಿಂದ ಮೀಟಿ ಏರಿಸಿದರೆ ಒಳಗಿನ ನೂಲು ಹರಿಯುತ್ತದೆ. ಹೊರಗೆ ಏನೂ ಕಾಣಿಸದು, ಕೆಲಸಕ್ಕೆ ಹಚ್ಚಿದ ಮೇಲೆ ತುಂಡಾಗುತ್ತದೆ.

ಹಳೆಯ ಬೆಲ್ಟ್ ಹೇಳುವುದೇನು

ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಬಹಳ ದಿನದಿಂದ ಜಾರುತ್ತಿದೆ: ಬಿಗಿತ ಸಾಲದು, ಇಲ್ಲವೇ ತೊಟ್ಟಿಗೆ ಹೊರೆ ಹೆಚ್ಚು. ಒಂದೇ ಅಂಚಿನಲ್ಲಿ ನೂಲು ಬಿಚ್ಚಿದ್ದರೆ ಎರಡು ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಅಡ್ಡಡ್ಡ ಬಿರುಕುಗಳು ವಯಸ್ಸು ಮತ್ತು ಬಿಸಿಯ ಗುರುತು, ಅದಕ್ಕೆ ಬೇಸರ ಬೇಡ. ಒಂದೇ ಒಂದು ಜಾಗದಲ್ಲಿ ಸುಟ್ಟು ತಗ್ಗಾಗಿದ್ದರೆ ತೊಟ್ಟಿ ಕಚ್ಚಿಕೊಂಡು ನಿಂತಿದ್ದಾಗ ಸಣ್ಣ ಪುಲ್ಲಿ ಅಲ್ಲೇ ಉಜ್ಜುತ್ತ ತಿರುಗಿದೆ ಎಂದು ಅರ್ಥ.

ಬೆಲ್ಟ್ ಊದಿ, ಮೆತ್ತಗಾಗಿ, ಕೈಗೆ ಜಿಡ್ಡು ಹತ್ತಿದರೆ ವಿಷಯ ಬೇರೆ. ಮೇಲಿನಿಂದ ಕೊಬ್ಬು ಇಳಿಯುತ್ತಿದೆ. ತೊಟ್ಟಿಯ ನಡುಗಂಬದ ತಲೆಯವರೆಗೂ ಚಾಕೊಲೇಟ್ ತುಂಬಿಸಿದಾಗ ತೆಳುವಾದ ಬಿಸಿ ದ್ರವ ಕಂಬ ಹತ್ತಿ, ಶಾಫ್ಟಿನ ಗುಂಟ ಹನಿಹನಿಯಾಗಿ ಇಳಿದು ಬೇರಿಂಗ್ ದಾಟಿ ಬೆಲ್ಟಿಗೆ ಬಂದು ಸೇರುತ್ತದೆ. ದಿನಗಟ್ಟಲೆ ನಿಲ್ಲದೆ ಓಡುವ ಯಂತ್ರಕ್ಕೆ ಸಣ್ಣ ಸೋರಿಕೆಯೂ ಸಣ್ಣದಲ್ಲ. ಶಾಫ್ಟಿನ ಸುತ್ತ ಕಂದು ಗೆರೆ ಹುಡುಕಿ. ಸಿಕ್ಕರೆ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಸೀಲ್ ಬದಲಿಸಿ, ಇನ್ನು ಮುಂದೆ ತುಂಬಿಸುವ ಮಟ್ಟವನ್ನು ಕಂಬದ ತಲೆಗಿಂತ ಸಾಕಷ್ಟು ಕೆಳಗಿಡಿ.

ಸರಿಯಾದ ಅಳತೆ

ಬೆಲ್ಟಿನ ಬೆನ್ನ ಮೇಲಿನ ಅಚ್ಚು ಉಳಿದಿದ್ದರೆ ಅದೇ ಸಾಕು. ಸಣ್ಣ ಗ್ರೈಂಡರುಗಳಲ್ಲಿ ಉದ್ದಕ್ಕೂ ಏಣುಗಳಿರುವ ಪಾಲಿ ವಿ ಬೆಲ್ಟ್ ಸಾಕಷ್ಟು ಬಳಕೆಯಲ್ಲಿದೆ. ಅದರಲ್ಲಿ ಜೆ ವರ್ಗದ ಏಣಿನಿಂದ ಏಣಿಗೆ ಅಂತರ 2.34 ಮಿಲಿಮೀಟರ್. ‘275 ಜೆ 5’ ಎಂದು ಬರೆದಿದ್ದರೆ 27.5 ಇಂಚು ಉದ್ದ, 5 ಏಣು. ಅದನ್ನೇ ಮೆಟ್ರಿಕ್‌ನಲ್ಲಿ ‘5 ಪಿಜೆ 698’ ಎನ್ನುತ್ತಾರೆ. ಹಲ್ಲಿನ ಬೆಲ್ಟಾದರೆ ಎಕ್ಸ್‌ಎಲ್ ಎಂಬ ಗುರುತಿಗೆ ಹಲ್ಲಿನ ಅಂತರ 5.08 ಮಿಲಿಮೀಟರ್. ಹತ್ತಿರದ 5 ಮಿಲಿಮೀಟರಿನ ಬೆಲ್ಟ್ ಹೇಗೋ ಕೂತಂತೆ ಕಾಣುತ್ತದೆ, ಆದರೆ ಹಲ್ಲುಗಳನ್ನು ಬೇಗ ತಿಂದುಹಾಕುತ್ತದೆ.

ಅಚ್ಚು ಅಳಿಸಿಹೋಗಿದ್ದರೆ ಹಳೆಯ ಬೆಲ್ಟನ್ನು ಅಳೆದು ತರಿಸಬೇಡಿ, ಅದು ಸವೆದು ಹಿಗ್ಗಿರುತ್ತದೆ. ಪುಲ್ಲಿಗಳನ್ನು ಅಳೆಯಿರಿ. ಮೋಟರನ್ನು ಸೀಳಿನ ನಡುಮಧ್ಯ ನಿಲ್ಲಿಸಿ, ಶಾಫ್ಟಿನ ಮಧ್ಯದಿಂದ ಶಾಫ್ಟಿನ ಮಧ್ಯಕ್ಕೆ ಇರುವ ದೂರ ನೋಡಿ. ಆ ದೂರದ ಎರಡು ಪಟ್ಟು, ಅದಕ್ಕೆ ಎರಡೂ ವ್ಯಾಸಗಳ ಮೊತ್ತವನ್ನು 1.57ರಿಂದ ಗುಣಿಸಿದ್ದು, ಅದಕ್ಕೆ ವ್ಯಾಸಗಳ ವ್ಯತ್ಯಾಸದ ವರ್ಗವನ್ನು ದೂರದ ನಾಲ್ಕು ಪಟ್ಟಿನಿಂದ ಭಾಗಿಸಿದ್ದು, ಮೂರನ್ನೂ ಕೂಡಿದರೆ ಉದ್ದ. ದೊಡ್ಡ ಪುಲ್ಲಿ 200, ಸಣ್ಣದು 20, ದೂರ 150 ಮಿಲಿಮೀಟರ್ ಎಂದುಕೊಳ್ಳಿ: 300, 345, 54, ಒಟ್ಟು 699. ಮೇಲೆ ಹೇಳಿದ 698ರ ಬೆಲ್ಟೇ ಇದಕ್ಕೆ ಸರಿ, ಉಳಿದ ಚೂರುಪಾರನ್ನು ಸೀಳು ನುಂಗಿಕೊಳ್ಳುತ್ತದೆ. ಲೆಕ್ಕ ಬೇಡವೆಂದರೆ ಹಿಗ್ಗದ ದಾರ ಸುತ್ತಿ ಅಳೆದರೂ ಆದೀತು.

ಇದೇ ಲೆಕ್ಕ ಇನ್ನೊಂದನ್ನೂ ತೋರಿಸಿಕೊಡುತ್ತದೆ. ಈ ಜೋಡಣೆಯಲ್ಲಿ ಬೆಲ್ಟ್ ಸಣ್ಣ ಪುಲ್ಲಿಯನ್ನು ಅಪ್ಪಿಕೊಳ್ಳುವುದು ಸುಮಾರು 106 ಡಿಗ್ರಿ ಮಾತ್ರ, ಅರ್ಧ ಸುತ್ತೂ ಇಲ್ಲ. ಮೋಟರಿನ ನಿಮಿಷಕ್ಕೆ 1,400 ಸುತ್ತನ್ನು ತೊಟ್ಟಿಯ 140ಕ್ಕೆ ಇಳಿಸುವ ಎಲ್ಲ ಬಲ ಆ ಅಂಗೈ ಅಗಲವೂ ಇಲ್ಲದ ಜಾಗದಲ್ಲಿ ದಾಟಬೇಕು. ಜಾರುವುದು, ಸುಡುವುದು ಯಾವಾಗಲೂ ಅಲ್ಲೇ. ಜಾರದಿರಲೆಂದು ಬೆಲ್ಟಿಗೆ ಸಿಂಪಡಿಸುವ ಅಂಟುದ್ರವ ಸಿಗುತ್ತದೆ, ಚಾಕೊಲೇಟ್ ಯಂತ್ರದ ಹತ್ತಿರ ಅದನ್ನು ತರಬೇಡಿ. ತಿನ್ನುವ ವಸ್ತುವಿನ ಕೆಳಗೆ ಅದು ಇರಬಾರದು ಎಂಬುದು ಒಂದು, ಧೂಳು ಹಿಡಿದು ಕೊನೆಗೆ ಇನ್ನಷ್ಟು ಜಾರುತ್ತದೆ ಎಂಬುದು ಇನ್ನೊಂದು.

ಹೊಸದನ್ನು ಕೂರಿಸುವುದು

ಮೊದಲು ಕಪ್ಪು ಪುಡಿಯನ್ನು ಸಣ್ಣ ವ್ಯಾಕ್ಯೂಮಿನಿಂದ ಎಳೆದುಕೊಳ್ಳಿ. ಊದಿದರೆ ಬೇರಿಂಗಿನೊಳಗೆ ಹೋಗುತ್ತದೆ. ಎರಡೂ ಪುಲ್ಲಿಗಳನ್ನು ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಲು ಬಿಡಿ. ಗ್ರೂವ್‌ಗಳ ತಳದಲ್ಲಿ ರಬ್ಬರ್ ಗಟ್ಟಿಕಟ್ಟಿದ್ದರೆ ಮರದ ಕಡ್ಡಿಯಿಂದ ಕೆರೆಯಿರಿ, ಲೋಹದಿಂದ ಬೇಡ. ಬೆಲ್ಟ್ ಇಲ್ಲದ ಈ ಹೊತ್ತಿನಲ್ಲೇ ಎರಡೂ ಶಾಫ್ಟುಗಳನ್ನು ಕೈಯಿಂದ ತಿರುಗಿಸಿ ನೋಡಿ. ಗರಗರ ಎಂದರೆ ಅಥವಾ ಅಕ್ಕಪಕ್ಕ ಅಲುಗಿದರೆ ಬೇರಿಂಗನ್ನೂ ಈಗಲೇ ಬದಲಿಸಿ. ಗ್ರಬ್ ಸ್ಕ್ರೂ ಶಾಫ್ಟಿನ ಚಪ್ಪಟೆ ಭಾಗಕ್ಕೆ ಸರಿಯಾಗಿ ಒತ್ತಿದೆಯೇ ಎಂಬುದನ್ನೂ ನೋಡಿ.

ದೊಡ್ಡ ಪುಲ್ಲಿಗೆ ಗ್ರೂವ್ ಇಲ್ಲವೆಂದು ಗಾಬರಿಯಾಗಬೇಡಿ. ಅದು ಚಪ್ಪಟೆಯಾಗಿರುವ ವಿನ್ಯಾಸಗಳೂ ಇವೆ, ಬೆಲ್ಟಿನ ಏಣುಗಳು ಸಣ್ಣ ಪುಲ್ಲಿಯಲ್ಲಿ ಕೂತರೆ ಸಾಕು. ಅಲ್ಲಿ ಆಗುವ ತಪ್ಪೆಂದರೆ ಬೆಲ್ಟ್ ಒಂದು ಗ್ರೂವ್ ಪಕ್ಕಕ್ಕೆ ಕೂರುವುದು. ಬೆರಳ ಉಗುರಿನಿಂದ ಅಂಚು ಎಣಿಸಿ ಖಚಿತ ಮಾಡಿಕೊಳ್ಳಿ. ನಂತರ ನೇರವಾದ ಉಕ್ಕಿನ ಸ್ಕೇಲನ್ನು ದೊಡ್ಡ ಪುಲ್ಲಿಯ ಮುಖಕ್ಕೆ ಆನಿಸಿ ಸಣ್ಣ ಪುಲ್ಲಿಯತ್ತ ಚಾಚಿ. ಇಷ್ಟು ಕಡಿಮೆ ದೂರಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸಾಲು ತಪ್ಪಿರಬಾರದು. ಎರಡು ಪುಲ್ಲಿಗಳ ಅಂಚಿನ ದಪ್ಪ ಬೇರೆಬೇರೆ ಇದ್ದರೆ ಅದನ್ನು ಕಳೆದು ನೋಡಿ.

ಬಿಗಿತದ ವಿಷಯದಲ್ಲಿ ಎಡವುವವರೇ ಹೆಚ್ಚು. ಎರಡು ಪುಲ್ಲಿಗಳ ನಡುವೆ ಬೆಲ್ಟ್ ಗಾಳಿಯಲ್ಲಿರುವ ಉದ್ದದ ಮಧ್ಯಕ್ಕೆ ಹೆಬ್ಬೆರಳಿನಿಂದ ಹಗುರಾಗಿ ಒತ್ತಿದಾಗ, ಪ್ರತಿ 100 ಮಿಲಿಮೀಟರಿಗೆ ಒಂದೂವರೆ ಮಿಲಿಮೀಟರಿನಷ್ಟು ಬಗ್ಗಬೇಕು. ನಮ್ಮ ಉದಾಹರಣೆಯಲ್ಲಿ ಆ ಉದ್ದ 120, ಹಾಗಾಗಿ ಹತ್ತಿರಹತ್ತಿರ 2 ಮಿಲಿಮೀಟರ್. ತಂತಿವಾದ್ಯದಂತೆ ಟಿಣ್ ಎನ್ನುವಷ್ಟು ಎಳೆದರೆ ಜಾರುವುದು ನಿಲ್ಲುತ್ತದೆ, ನಿಜ, ಆದರೆ ಮೋಟರಿನ ಮುಂಭಾಗದ ಬುಷ್ ಅದರ ಬೆಲೆ ತೆರುತ್ತದೆ. ಹಲ್ಲಿನ ಬೆಲ್ಟ್ ಜಾರುವುದಿಲ್ಲವಾದ್ದರಿಂದ ಅದಕ್ಕೆ ಇನ್ನೂ ಕಡಿಮೆ ಎಳೆತ ಸಾಕು. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದನ್ನೇ ಮೊದಲು ಪೂರ್ತಿ ಬಿಗಿದರೆ ಮೋಟರ್ ಓರೆಯಾಗಿ, ಸ್ಕೇಲಿಟ್ಟು ಸರಿಮಾಡಿದ ಸಾಲು ಹಾಳಾಗುತ್ತದೆ.

ಕರೆಂಟ್ ಕೊಡುವ ಮುಂಚೆ ದೊಡ್ಡ ಪುಲ್ಲಿಯನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಬೆಲ್ಟ್ ಒಂದು ಬದಿಗೆ ಸರಿಯುತ್ತಿದ್ದರೆ ಈಗಲೇ ಗೊತ್ತಾಗುತ್ತದೆ. ಅರ್ಥ್ ತಂತಿ ಸೇರಿಸಿ, ತಳ ಮುಚ್ಚಿ, ಕಲ್ಲುಗಳಿಲ್ಲದೆ ಬರೀ ತೊಟ್ಟಿಯನ್ನು ಹತ್ತು ನಿಮಿಷ ಓಡಿಸಿ. ಕಲ್ಲುಗಳನ್ನು ಹಾಕಿ ಒಣದಾಗಿ ಓಡಿಸಬೇಡಿ, ಕಲ್ಲಿಗೆ ಕಲ್ಲು ಉಜ್ಜಿ ಪುಡಿ ಬರುತ್ತದೆ. ಹೊಸ ಬೆಲ್ಟ್ ಮೊದಲ ಕೆಲವು ಗಂಟೆಗಳಲ್ಲಿ ಗ್ರೂವಿನೊಳಗೆ ಇಳಿದು ಕೂರುವುದರಿಂದ ಸಡಿಲವಾಗುತ್ತದೆ. ಮೊದಲ ರುಬ್ಬು ಮುಗಿದ ಮೇಲೆ ಪ್ಲಗ್ ಕಿತ್ತು ತಳ ಬಿಚ್ಚಿ ಇನ್ನೊಮ್ಮೆ ಒತ್ತಿ ನೋಡಲೇಬೇಕು.

ಬೆಲ್ಟಿಗೆ ಅತಿ ಕಷ್ಟದ ಹೊತ್ತು ಯಾವುದೆಂದರೆ ರುಬ್ಬುವ ಮೊದಲ ಅರ್ಧ ಗಂಟೆ. ತಣ್ಣನೆಯ ನಿಬ್ಸ್ (ಕೋಕೋ ಬೀಜದ ಚೂರು) ಒಮ್ಮೆಗೇ ಸುರಿದರೆ ಅಂಟಂಟಾದ ಗಟ್ಟಿ ಮುದ್ದೆ ಕಲ್ಲುಗಳ ಕೆಳಗೆ ಸಿಕ್ಕಿಕೊಳ್ಳುತ್ತದೆ. ನಿಬ್ಸನ್ನೂ ತೊಟ್ಟಿಯನ್ನೂ 50 ಡಿಗ್ರಿಯಷ್ಟು ಬೆಚ್ಚಗೆ ಮಾಡಿ, ಬಿಗಿತದ ಗುಂಡಿ ಸಡಿಲವಾಗಿಟ್ಟು, ಹಿಡಿಹಿಡಿಯಾಗಿ ಹಾಕಿ. ಮೊದಲಿನದು ಹರಿಯತೊಡಗಿದ ಮೇಲೆ ಮುಂದಿನ ಹಿಡಿ. ಸಕ್ಕರೆಯೂ ಹಾಗೆಯೇ, ಅದು ಬೀಳುತ್ತಿದ್ದಂತೆ ದ್ರವ ಮಂದವಾಗುತ್ತದೆ. ನೀರಿನ ಪಸೆ ಸೇರಿದರಂತೂ ಇಡೀ ತೊಟ್ಟಿ ಗಟ್ಟಿಕಟ್ಟುತ್ತದೆ. ನಡುವೆ ಕರೆಂಟ್ ಹೋಗಿ ತಣ್ಣಗಾದರೆ ಸ್ವಿಚ್ ಮುಟ್ಟುವ ಮುಂಚೆ ತೊಟ್ಟಿಯನ್ನು ಮತ್ತೆ ಬೆಚ್ಚಗೆ ಮಾಡಿ, ಕೈಯಿಂದ ತಿರುಗುತ್ತದೆಯೇ ನೋಡಿ.

ಬೆಲ್ಟ್ ತರಿಸುವಾಗ ಎರಡು ತರಿಸಿ. ಉಳಿದದ್ದನ್ನು ಮಡಚದೆ, ಮೊಳೆಗೆ ತೂಗುಹಾಕದೆ, ಬಿಸಿಲು ಬೀಳದ ಡಬ್ಬಿಯಲ್ಲಿ ಸಡಿಲ ಸುರುಳಿಯಾಗಿಡಿ. ಅದರ ಸಂಖ್ಯೆಯನ್ನೂ ಬದಲಿಸಿದ ತಾರೀಖನ್ನೂ ತಳದ ತಟ್ಟೆಯ ಒಳಮೈ ಮೇಲೆ ಮಾರ್ಕರಿನಿಂದ ಬರೆದಿಡಿ, ಬೆಲ್ಟಿನ ಮೇಲಿನ ಅಚ್ಚು ಮುಂದಿನ ಸಲ ಉಳಿದಿರುವುದಿಲ್ಲ.