"ಇಷ್ಟು ಸಣ್ಣ ಮಕ್ಕಳಿಗೆ ಇತಿಹಾಸ ಯಾಕೆ? ಇಸವಿ ತಲೆಗೆ ಹೋಗುವುದೇ ಇಲ್ಲವಲ್ಲ!"

ಮಂಗಳೂರು, ಉಡುಪಿ ಕಡೆಯ ತಂದೆತಾಯಿಯರೂ ಹೊಸದಾಗಿ ಕೆಲಸಕ್ಕೆ ಸೇರಿದ ಟೀಚರುಗಳೂ ಕೇಳುವ ಪ್ರಶ್ನೆ ಇದು. ಒಂದರಿಂದ ಐದರವರೆಗೆ ಪುಸ್ತಕದ ಹೆಸರೇ ಪರಿಸರ ಅಧ್ಯಯನ, ಸಮಾಜ ವಿಜ್ಞಾನ ಬರುವುದು ಆರನೇ ಕ್ಲಾಸಿಗೆ. ಆಗಲೇ ಶುರು ಮಾಡಿದರೆ ಸಾಲದೇ ಅಂತ.

ಸಾಲದು. ಆದರೆ ಇಸವಿ ತಲೆಗೆ ಹೋಗುವುದಿಲ್ಲ ಎನ್ನುವುದು ನಿಜ. ಎಂಟು ವರ್ಷದ ಮಗುವಿಗೆ 1432 ಮತ್ತು 1843 ಎರಡೂ ಬರೀ ದೊಡ್ಡ ಸಂಖ್ಯೆಗಳು. ಅದರ ಲೆಕ್ಕದಲ್ಲಿ ಅಜ್ಜಿಯ ಬಾಲ್ಯ, ಟಿಪ್ಪು, ಕಾರ್ಕಳದ ಗೋಮಟ, ಯಕ್ಷಗಾನದ ರಾವಣ ಎಲ್ಲರೂ "ಹಿಂದೆ" ಎಂಬ ಒಂದೇ ಕೋಣೆಯಲ್ಲಿ ಇರುವವರು. ಪ್ರೈಮರಿಯಲ್ಲಿ ನಾವು ಮಾಡಬೇಕಾದ್ದು ಎರಡೇ: ಆ ಕೋಣೆಯಲ್ಲಿ ಯಾರು ಮುಂಚೆ, ಯಾರು ಆಮೇಲೆ ಎಂದು ಸಾಲು ನಿಲ್ಲಿಸುವುದು, ಮತ್ತು "ಅದು ನಮಗೆ ಹೇಗೆ ಗೊತ್ತು?" ಎಂದು ಕೇಳುವ ಅಭ್ಯಾಸ ಹಚ್ಚುವುದು.

ಸಾಲಿಗೆ ಬೇಕಾದ್ದು ಹನ್ನೊಂದು ಮೀಟರ್ ಬಿಳಿ ಲಾಡಿ, ಟೈಲರ್ ಬಳಸುವಂಥದ್ದು. ಒಂದು ಸೆಂಟಿಮೀಟರಿಗೆ ಒಂದು ವರ್ಷ. ನೈಲಾನ್ ಹಗ್ಗ ಎಳೆದರೆ ಉದ್ದವಾಗುತ್ತದೆ, ನಾರಿನ ಹಗ್ಗದ ಮೇಲೆ ಗುರುತು ನಿಲ್ಲುವುದಿಲ್ಲ. ಲಾಡಿಗೆ ಗಂಟನ್ನೂ ಹಾಕಬೇಡಿ. ಒಂದೊಂದು ಗಂಟೂ ಮೂರು ನಾಲ್ಕು ಸೆಂಟಿಮೀಟರ್ ನುಂಗುತ್ತದೆ, ಅಂದರೆ ಅಷ್ಟು ವರ್ಷ ಹೋಯಿತು. ನೂರು ಸೆಂಟಿಮೀಟರಿಗೊಮ್ಮೆ ಕೆಂಪು ನೂಲಿನ ಹೊಲಿಗೆ, ಉಳಿದದ್ದಕ್ಕೆ ಬಟ್ಟೆ ಕ್ಲಿಪ್ಪು ಮತ್ತು ಚಿತ್ರದ ಚೀಟಿ. ಕ್ಲಾಸಿನೊಳಗೆ ಜಾಗ ಸಾಲುವುದಿಲ್ಲ, ಜಗಲಿಯುದ್ದಕ್ಕೆ ಕಟ್ಟಿ. ನಾವು ಬರೆಯುವುದು ಎಡದಿಂದ ಬಲಕ್ಕೆ, ಹಾಗಾಗಿ "ಇವತ್ತು" ಬಲತುದಿಯಲ್ಲಿ ಇರಲಿ.

2026ರಲ್ಲಿ ಕಟ್ಟುವುದಾದರೆ ಒಂಬತ್ತು ವರ್ಷದ ಮಗುವಿನ ಇಡೀ ಬದುಕು ಬಲತುದಿಯ ಒಂಬತ್ತು ಸೆಂಟಿಮೀಟರ್. ಇದನ್ನು ಮೊದಲು ಅಳೆಸಿ, ಮಗುವೇ ಬೆರಳಿಟ್ಟು ನೋಡಲಿ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ 1956 ಎಪ್ಪತ್ತು ಸೆಂಟಿಮೀಟರಿನಲ್ಲಿ, ಹೆಚ್ಚುಕಡಿಮೆ ಅಜ್ಜಿಯ ವಯಸ್ಸು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟ 1843 ಒಂದು ಮೀಟರ್ ಎಂಬತ್ತಮೂರರಲ್ಲಿ. ಟಿಪ್ಪು ಕಟ್ಟಿಸಿದ ಕಾವಲುಗೋಪುರ, ಬೋಳೂರಿನ ಸುಲ್ತಾನ್ ಬತ್ತೇರಿ, 1784, ಎರಡು ಮೀಟರ್ ನಲವತ್ತೆರಡು. ಕಾರ್ಕಳದ ಗೋಮಟ, 1432, ಹತ್ತಿರ ಹತ್ತಿರ ಆರು ಮೀಟರ್. ಕದ್ರಿ ದೇವಸ್ಥಾನದ ಲೋಕೇಶ್ವರ ವಿಗ್ರಹ, ಈ ಕರಾವಳಿಯನ್ನು ಆಳಿದ ಆಳುಪರ ಅರಸ ಕುಂದವರ್ಮನ ಕಾಲದ್ದು, 968, ಜಗಲಿಯ ಆ ತುದಿ. ಗೋಮಟನೂ ಟಿಪ್ಪುವೂ ಒಟ್ಟಿಗೆ ಇದ್ದವರಲ್ಲ ಎಂದು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಡುವೆ ಮೂರೂವರೆ ಮೀಟರ್ ನಡೆಯಬೇಕು.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ ಕಡೆ. ಉಮೇದಿನಲ್ಲಿ ಮೊದಲ ದಿನವೇ ಇಪ್ಪತ್ತು ಚೀಟಿ ತೂಗುಹಾಕುತ್ತಾರೆ, ಲಾಡಿ ಮದುವೆ ಮನೆಯ ತೋರಣವಾಗುತ್ತದೆ. ತಿಂಗಳಿಗೆ ಎರಡು ಚೀಟಿ ಸಾಕು.

ಉಡುಪಿಯ ಶಾಲೆಗಳಿಗೆ ಇನ್ನೊಂದು ಅನುಕೂಲವಿದೆ. ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು, ಎಂಟು ಮಠಕ್ಕೆ ಒಂದು ಸುತ್ತು ಹದಿನಾರು ವರ್ಷ. "ನೀನು ಹುಟ್ಟುವಾಗ ಯಾವ ಮಠದ ಪರ್ಯಾಯ?" ಎಂದರೆ ಎಷ್ಟೋ ಮನೆಯಲ್ಲಿ ಉತ್ತರ ಸಿಗುತ್ತದೆ. ಎಲ್ಲ ಮನೆಯಲ್ಲೂ ಆ ಲೆಕ್ಕ ಇರುವುದಿಲ್ಲ. ಅಂಥ ಮಕ್ಕಳಿಗೆ ಕೊಂಕಣ ರೈಲು ಪೂರ್ತಿ ಓಡಲು ಶುರುವಾದ 1998, ಉಡುಪಿ ಬೇರೆ ಜಿಲ್ಲೆಯಾದ 1997, ಇಲ್ಲವೇ ಊರಿನ ಸೇತುವೆ ಆದ ವರ್ಷ ಇಟ್ಟುಕೊಳ್ಳಿ.

ಇನ್ನು "ಹೇಗೆ ಗೊತ್ತು?" ಎಂಬುದು. ಇದಕ್ಕೆ ಹಳೆ ಹಂಚಿಗಿಂತ ಒಳ್ಳೆಯ ಪಾಠ ನಮ್ಮ ಕರಾವಳಿಯಲ್ಲಿ ಇಲ್ಲ, ಖರ್ಚೂ ಇಲ್ಲ. ಮಾಡು ಬಿಚ್ಚಿದ ಮನೆಯಿಂದ ಬಾಸೆಲ್ ಮಿಷನ್ನಿನ ಒಂದು ಹಂಚು ತನ್ನಿ. ಪಾಚಿಯನ್ನು ತೆಂಗಿನ ನಾರಿನಿಂದ ತಿಕ್ಕಿ, ತಂತಿ ಬ್ರಶ್ ಹಾಕಿದರೆ ಅಕ್ಷರವೇ ಸವೆಯುತ್ತದೆ. ಒಂದು ದಿನ ಬಿಸಿಲಿಗಿಡಿ. ಒದ್ದೆ ಹಂಚಿನ ಮೇಲಿಟ್ಟ ಕಾಗದ ಹರಿಯುತ್ತದೆ. ಉಬ್ಬಿದ ಅಕ್ಷರಗಳ ಮೇಲೆ ತೆಳು ಕಾಗದ ಬಿಗಿಯಾಗಿ ಹಿಡಿದು, ಕ್ರೇಯಾನನ್ನು ಅಡ್ಡ ಮಲಗಿಸಿ ಉಜ್ಜಿದರೆ ಹೆಸರು ಮೂಡುತ್ತದೆ, ಜೊತೆಗೆ 1865 ಎಂಬ ಸಂಖ್ಯೆ. ಮಕ್ಕಳು ಕೂಡಲೇ "ಹಂಚಿಗೆ ನೂರ ಅರವತ್ತು ವರ್ಷ!" ಎನ್ನುತ್ತಾರೆ. ದೊಡ್ಡವರೂ ಹಾಗೇ ಹೇಳುವುದು.

ಅವಸರದಲ್ಲಿ ತಿದ್ದಬೇಡಿ. ಹೋಟೆಲಿನ ಬೋರ್ಡಿನಲ್ಲಿ 'ಸ್ಥಾಪನೆ 1960' ಅಂತ ಇದ್ದರೆ ಬೆಳಿಗ್ಗೆ ತಿಂದ ಬನ್ಸ್ ಯಾವಾಗಿನದ್ದು ಎಂದು ಕೇಳಿ, ಸುಮ್ಮನಿರಿ. 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಆಮೇಲೆ ಹೊರಬಿದ್ದ ಹಂಚುಗಳ ಮೇಲೂ ಅದೇ ಅಚ್ಚು. ಹಾಗಾದರೆ ಈ ಹಂಚು ಎಷ್ಟು ಹಳತು? 1865ಕ್ಕಿಂತ ಹಳತಲ್ಲ, ಅಷ್ಟೇ ಹೇಳಬಹುದು. ಮನೆ ಕಟ್ಟಿದ್ದು ಯಾವಾಗ ಎಂದು ಕೇಳಿ ತಿಳಿದರೆ ಇನ್ನಷ್ಟು ಹತ್ತಿರ ಹೋಗಬಹುದು.

ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನ ಪಾಠವೂ ಹೀಗೆಯೇ. ಮೊದಲು ಚಿತ್ರ ಬಿಡಿಸಲು ಹೇಳಿ. ಕುದುರೆ, ಕತ್ತಿ, ಯಕ್ಷಗಾನದ ಕಿರೀಟ ಖಂಡಿತ ಬರುತ್ತದೆ. ಆಮೇಲೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಎದುರೇ ಕಂಡು ಬರೆದದ್ದನ್ನು ಹೇಳಿ: ಬರಿಗಾಲು, ದಪ್ಪ ಬಿಳಿ ಹತ್ತಿ ಬಟ್ಟೆ, ಕಾಲ್ನಡಿಗೆ. ಎರಡನೇ ಚಿತ್ರ ಬಿಡಿಸಲಿ, ಎರಡನ್ನೂ ಪಕ್ಕಪಕ್ಕ ಅಂಟಿಸಿ. ಆದರೆ ಪೋರ್ಚುಗೀಸರ ಜೊತೆಗಿನ ಎಲ್ಲ ಕಾಳಗವೂ ಇದೇ ರಾಣಿಯದ್ದು ಅಂತ ಹೇಳಿಬಿಡಬೇಡಿ. ಅಬ್ಬಕ್ಕ ಎಂಬ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು.

ಹಿರಿಯರನ್ನು ಮಾತಾಡಿಸುವ ಮನೆಗೆಲಸ ಕೊಡುವಾಗ "ಆಗಿನ ಕಾಲ ಹೇಗಿತ್ತು?" ಎಂದು ಕೇಳಿಸಬೇಡಿ. "ತುಂಬಾ ಕಷ್ಟ ಇತ್ತು ಮಗಾ" ಎಂಬಲ್ಲಿಗೆ ಮುಗಿಯುತ್ತದೆ. ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ಮಳೆಗೆ ಏನು ಹಿಡಿಯುತ್ತಿದ್ದಿರಿ, ಮನೆಗೆ ಕರೆಂಟು ಯಾರು ಹುಟ್ಟಿದ ವರ್ಷ ಬಂತು, ಇಂಥ ಮೂರು ಪ್ರಶ್ನೆ ಸಾಕು. ಉತ್ತರ ತುಳು, ಕೊಂಕಣಿ, ಬ್ಯಾರಿ ಯಾವುದರಲ್ಲಿ ಬಂದರೂ ಹಾಗೇ ಬರೆದುಕೊಳ್ಳಲಿ. ಕ್ಲಾಸಿನಲ್ಲಿ ಕನ್ನಡ ಮಾಡಿದರಾಯಿತು.

ಪರೀಕ್ಷೆಗೆ ಇಸವಿ ಕೇಳಬೇಡಿ. ಐದು ಚಿತ್ರ ಕಲಸಿ ಕೊಟ್ಟು ಸಾಲಾಗಿ ಇಡಲು ಹೇಳಿ, ಸಾಲಿಗೆ ಎರಡು ಅಂಕ, "ಯಾಕೆ ಹಾಗೆ ಇಟ್ಟೆ?" ಎಂಬುದಕ್ಕೆ ಮೂರು. ಇಷ್ಟಾದ ಮೇಲೆ ಯಾರಾದರೂ ಮನೆಯಿಂದ ಕಾಲ ಗೊತ್ತಿಲ್ಲದ ಕಂಚಿನ ಚೆಂಬೋ ಹಳೆ ಬೀಗವೋ ತರುತ್ತಾರೆ. ಅಂದಾಜಿನಲ್ಲಿ ಒಂದು ಇಸವಿ ಕೊಟ್ಟು ಲಾಡಿಗೆ ಸಿಕ್ಕಿಸಬೇಡಿ. ಗೋಡೆಗೆ ಬೇರೆಯೇ ಒಂದು ಮೊಳೆ ಹೊಡೆದು 'ಇನ್ನೂ ಗೊತ್ತಿಲ್ಲ' ಎಂದು ಬರೆದು, ಅದರ ಚೀಟಿಯನ್ನು ಅಲ್ಲಿ ತೂಗುಹಾಕಿ.